ಅಪ್ಪನ ಪುಸ್ತಕಗಳಿಗೊಂದು ವಿಳಾಸ

ಅಪ್ಪ ಮುಂಬೈಯ ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಬಿಡುವಾದಾಗಲೆಲ್ಲ ಯಕ್ಷಗಾನ ಪ್ರಸಂಗಗಳನ್ನು ನಕಲು ಮಾಡಿಕೊಳ್ಳುತ್ತಿದ್ದರು. ಅಂಥ ಹದಿನಾಲ್ಕು ನೋಟುಪುಸ್ತಕಗಳು ಡೊಂಬಿವಲಿಯ ನಮ್ಮ ಮನೆಯಲ್ಲಿವೆ. ಪದ್ಯ ನೀಲಿ ಶಾಯಿಯಲ್ಲಿ, ತಾಳದ ಹೆಸರು ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ತುಂಬಿದ್ದೇನೆ. ಊರಿನ ನೆಂಟರು ಬೇಕೆಂದಾಗ ತೆರೆದು ಓದಬೇಕು, ಪುಸ್ತಕಗಳು ಮಾತ್ರ ನಮ್ಮ ಮನೆಯಲ್ಲೇ ಇರಬೇಕು ಎಂಬುದು ನನ್ನ ಹಟ. ವಿದ್ಯುತ್ತಿನ ಖರ್ಚು ಲೆಕ್ಕಕ್ಕಿಲ್ಲ: 5 ವ್ಯಾಟ್ ಎಂದರೆ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗುವುದಿಲ್ಲ.

ತೊಡಕಾದದ್ದು ಇಂಟರ್ನೆಟ್. ಮನೆಯೊಳಗೆ ಪುಟಗಳು ಸರಾಗವಾಗಿ ತೆರೆಯುತ್ತಿದ್ದವು, ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ರೂಟರಿನಲ್ಲಿ ಜಾಲತಾಣಗಳ ಸಂಚಾರದ ಬಾಗಿಲುಗಳಾದ ಪೋರ್ಟ್ 80, 443 ತೆರೆದಿಟ್ಟು ಎರಡು ರಾತ್ರಿ ಕಳೆದೆ. ಮೂರನೆಯ ರಾತ್ರಿ ರೂಟರಿನ ವ್ಯಾನ್ ವಿಳಾಸದ, ಅಂದರೆ ಕಂಪನಿ ಅದಕ್ಕೆ ಹೊರಗಿನ ಕಡೆ ಕೊಟ್ಟ ಐಪಿ ವಿಳಾಸದ ಮೇಲೆ ಕಣ್ಣು ಬಿತ್ತು. ಅದು 100.72 ಎಂದು ಶುರುವಾಗುತ್ತಿತ್ತು. ಹೊರಗಿನ ಜಾಲತಾಣ ತೋರಿಸುವ ನನ್ನ ವಿಳಾಸವೇ ಬೇರೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಸಿಜಿನ್ಯಾಟ್‌ಗೆಂದೇ, ಅಂದರೆ ಒಂದೇ ಹೊರ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವ ಏರ್ಪಾಡಿಗೆಂದೇ, ಎತ್ತಿಟ್ಟಿದ್ದಾರೆ. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ, ಅದು ಸಾಲದೆ ಕಂಪನಿಗಳು ಒಂದೊಂದನ್ನು ನೂರಾರು ಮನೆಗಳಿಗೆ ಹಂಚುತ್ತವೆ. ವಠಾರಕ್ಕೆಲ್ಲ ಒಂದೇ ಬಾಗಿಲು ಇದ್ದ ಹಾಗೆ: ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದವರಿಗೆ ಯಾವ ಕೋಣೆ ಎಂದು ಹೇಳುವವರಿಲ್ಲ. ನಾನು ಪೋರ್ಟ್ ತೆರೆದದ್ದು ನನ್ನ ಕೋಣೆಯಲ್ಲಿ ಮಾತ್ರ.

ಆಗಿದ್ದ ಕಂಪನಿಗೆ ಫೋನ್ ಮಾಡಿದೆ. ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪಬಹುದಾದ ವಿಳಾಸ) ಬೇಕಿದ್ದರೆ ವ್ಯಾಪಾರಿ ಪ್ಲಾನ್ ತೆಗೆದುಕೊಳ್ಳಿ ಎಂದರು. ಬಾಡಿಗೆ ಮೂರು ಪಟ್ಟು. ನನ್ನದು ಯಾವ ವ್ಯಾಪಾರ? ವಿಳಾಸಗಳಿಗೆ ಬರವಿಲ್ಲದ ಹೊಸ ಪದ್ಧತಿ ಐಪಿವಿ6 ಪ್ರಯತ್ನಿಸಿದೆ. ನನ್ನ ಮೊಬೈಲಿನಿಂದ ತಾಣ ತೆರೆಯಿತು, ಆದರೆ ಕೋಟದ ಚಿಕ್ಕಪ್ಪನ ಮನೆಯ ಸಂಪರ್ಕದಲ್ಲಿ ಐಪಿವಿ6 ಇರಲಿಲ್ಲ. ಅವರೇ ಓದಲಾಗದ ಮೇಲೆ ಇದೆಲ್ಲ ಯಾಕೆ? ಹೊರಗಿನ ಬಾಡಿಗೆ ಸರ್ವರಿನಿಂದ ಮನೆಗೆ ವೈರ್‌ಗಾರ್ಡ್ ಎಂಬ ತಂತ್ರಾಂಶದ ಗುಪ್ತ ಸುರಂಗ ಹಾಕಬಹುದಿತ್ತು. ಅದು ಒಳ್ಳೆಯ ದಾರಿಯೇ, ಆದರೆ ಇನ್ನೊಂದು ಬಾಡಿಗೆ.

ಕೊನೆಗೆ ಕೈಹಿಡಿದದ್ದು ನಮ್ಮ ಗಲ್ಲಿಯ ಕೇಬಲ್‌ನವರು. ಫೈಬರ್ ಜೋಡಿಸಲು ಬಂದ ಹುಡುಗನಿಗೆ ಮೊದಲೇ ಕೇಳಿದೆ: ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ, ಕೊಡುತ್ತೀರಾ? 443 ತೆರೆದಿರುತ್ತದೆಯೇ? ಅಪ್‌ಲೋಡ್ ಎಷ್ಟು? "ಕಾಕಾ, ಎಲ್ಲರೂ ಡೌನ್‌ಲೋಡ್ ಕೇಳುತ್ತಾರೆ" ಎಂದು ಮರಾಠಿಯಲ್ಲಿ ಹೇಳಿ, ಅಲ್ಲಿಂದಲೇ ಮಾಲೀಕರಿಗೆ ಫೋನ್ ಹಚ್ಚಿದ. ಎರಡೂ ಕಡೆ 100 ಎಂಬಿಪಿಎಸ್, ತಿಂಗಳಿಗೆ 590 ರೂಪಾಯಿ, ಸ್ಟ್ಯಾಟಿಕ್ ಐಪಿಗೆ ಇನ್ನೂ 200. ಓದುವವರಿಗೆ ಪುಟ ತಲುಪುವುದು ನನ್ನ ಅಪ್‌ಲೋಡಿನ ವೇಗದಲ್ಲಿ. 2 ಎಂಬಿಯ ಒಂದು ಪುಟಕ್ಕೆ ಹಿಂದಿನ 5 ಎಂಬಿಪಿಎಸ್‌ನಲ್ಲಿ ಮೂರು ಸೆಕೆಂಡಿಗೂ ಹೆಚ್ಚು ಬೇಕಾಗುತ್ತಿತ್ತು. ಪ್ರಸಂಗ ಓದುವವರು ಪುಟದಿಂದ ಪುಟಕ್ಕೆ ಹಾರುತ್ತಾರೆ, ಅವರನ್ನು ಕಾಯಿಸಬಾರದು. ಕರೆಂಟು ಹೋದಾಗಲೂ ನಡೆಯಲಿ ಎಂದು ರೂಟರಿಗೂ ಪೈಗೂ ಒಂದೊಂದು ಪುಟ್ಟ ಯುಪಿಎಸ್ ಜೋಡಿಸಿದ್ದೇನೆ.

ಕಳೆದ ಭಾನುವಾರ ಚಿಕ್ಕಪ್ಪ ಫೋನ್ ಮಾಡಿದರು. "ಆರನೆಯ ಪುಸ್ತಕದಲ್ಲಿ ಅಣ್ಣ ಝಂಪೆ ಎಂದು ಬರೆದಿದ್ದಾನಲ್ಲ, ಆ ಪದ್ಯ ತ್ರಿವುಡೆಯದು" ಎಂದು ಹಾಡಿ ತೋರಿಸಿದರು. ನಾನು ಇಲ್ಲಿ, ಅವರು ಅಲ್ಲಿ, ಇಬ್ಬರೂ ಅದೇ ಪುಟವನ್ನು ತೆರೆದುಕೊಂಡಿದ್ದೆವು. ಕೆಂಪು ಪೆನ್ಸಿಲಿನ ಗುರುತನ್ನು ಹಿಗ್ಗಿಸಿ ನೋಡಿದರೆ, ಝಂಪೆಯ ಕೆಳಗೆ ಅಳಿಸಿದ ಇನ್ನೊಂದು ಹೆಸರಿನ ಗೀರು ಇತ್ತು.