ಡಿಲೀಟ್ ಮಾಡಿದರೂ ಹೋಗದ 61 ಜಿಬಿ

ಚಿಕ್ಕಪೇಟೆಯ ಒಂದು ಸೀರೆ ಹೋಲ್‌ಸೇಲ್ ಅಂಗಡಿಯ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವುದು ನಾನು. ಸರ್ವರ್ ಅಂದರೆ ದೊಡ್ಡದೇನಲ್ಲ, ಅಟ್ಟದ ಮೇಲೆ ಸೀರೆ ಬಾಕ್ಸ್‌ಗಳ ಪಕ್ಕ ಯುಪಿಎಸ್ ಜೊತೆ ಕೂತಿರುವ ಒಂದು ಡಬ್ಬ. 240 ಜಿಬಿ ಎಸ್‌ಎಸ್‌ಡಿ, ಉಬುಂಟು ಲಿನಕ್ಸ್, ಟಾಮ್‌ಕ್ಯಾಟ್ ಅನ್ನುವ ವೆಬ್ ಸರ್ವರ್ ಪ್ರೋಗ್ರಾಂ ಮೇಲೆ ಓಡುವ ಬಿಲ್ಲಿಂಗ್ ಸಾಫ್ಟ್‌ವೇರ್, ಅದರ ಬೆನ್ನಿಗೆ ಬಿಲ್‌ಗಳನ್ನು ಇಟ್ಟುಕೊಳ್ಳುವ ಮೈಎಸ್‌ಕ್ಯೂಎಲ್ ಡೇಟಾಬೇಸ್. ತನ್ನ ಪಾಡಿಗೆ ತಾನು ಓಡ್ತಾ ಇತ್ತು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದು ಇಡೀ ಪೇಟೆ ಗಿಜಿಗುಡುವ ಹೊತ್ತಿಗೆ ಸರಿಯಾಗಿ ಮಾಲೀಕರ ಫೋನ್ ಬಂತು.

"ಬಿಲ್ ಸೇವ್ ಆಗ್ತಿಲ್ಲ ಸಾರ್, ಸುಮ್ನೆ ಸುತ್ತುತ್ತಾ ಇದೆ. ಸ್ವಲ್ಪ ಬೇಗ ಬಂದುಬಿಡಿ."

ಮನೆಯಿಂದಲೇ ಲಾಗಿನ್ ಆಗಬಹುದಿತ್ತು. ಆದರೆ ಅವರಿಗೆ ರಿಪೇರಿಯವನು ಎದುರಿಗೆ ಕೂತರೇನೇ ಸಮಾಧಾನ. ಹಬ್ಬದ ಸೀಸನ್ನಿನಲ್ಲಿ ಅಲ್ಲಿಗೆ ಬೈಕ್ ತಗೊಂಡು ಹೋಗುವುದು ಹುಚ್ಚು, ಬನಶಂಕರಿಯಲ್ಲಿ ಮೆಟ್ರೋ ಹತ್ತಿದೆ.

ಅಂಗಡಿಯಲ್ಲಿ ಮಾಲೀಕರ ತಂಗಿಯ ಮಗ ಕಾಯ್ತಾ ಇದ್ದ. ಬಿಸಿಎ ಓದುತ್ತಿರುವ ಹುಡುಗ, ಚುರುಕು. "ಅಣ್ಣ, ಡಿಸ್ಕ್ ಫುಲ್ ಆಗಿತ್ತು. ದೊಡ್ಡ ಲಾಗ್ ಫೈಲ್ ಒಂದು ಸಿಕ್ತು, ಡಿಲೀಟ್ ಮಾಡ್ದೆ. ಆದ್ರೂ ಜಾಗ ಬರ್ತಾನೇ ಇಲ್ಲ." ಲಾಗ್ ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದುಕೊಳ್ಳುವ ಫೈಲ್. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಪಾಸ್‌ವರ್ಡ್ ಡಬ್ಬದ ಮೇಲೇ ಚೀಟಿ ಬರೆದು ಅಂಟಿಸಿದ್ದಾರೆ, ಬೇಡ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.

ಮಾಮೂಲಿ ಯೂಸರ್ ಆಗಿ ಲಾಗಿನ್ ಆಗಿ ಫೋಲ್ಡರ್ ಹೆಸರು ಅರ್ಧ ಟೈಪ್ ಮಾಡಿ ಟ್ಯಾಬ್ ಒತ್ತಿದರೆ, ಹೆಸರು ಪೂರ್ತಿ ಆಗುವ ಬದಲು 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಅಂತ ಬಂತು. ಟ್ಯಾಬ್ ಒತ್ತಿದರೂ ಕಮಾಂಡ್ ಓಡಿಸುವ ಬ್ಯಾಶ್‌ಗೆ ಒಂದು ತಾತ್ಕಾಲಿಕ ಫೈಲ್ ಬೇಕಾಗುತ್ತೆ, ಅದಕ್ಕೂ ಜಾಗ ಇಲ್ಲ! ರೂಟ್ ಆದ ಮೇಲೆ ಇದೇ ಕೆಲಸ ಸರಾಗ. ಯಾಕಂದ್ರೆ ಫೈಲ್‌ಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ವ್ಯವಸ್ಥೆ ಡಿಸ್ಕಿನ 5% ಜಾಗವನ್ನು ರೂಟ್‌ಗೆ ಅಂತ ಎತ್ತಿಟ್ಟಿರುತ್ತೆ. ಡಿಸ್ಕಿನ ಲೆಕ್ಕ ಹೇಳುವ ಡಿಎಫ್ ಕಮಾಂಡ್ ಕೊಟ್ಟರೆ ಒಟ್ಟು 220 ಜಿಬಿ, ಬಳಸಿದ್ದು 209, ಉಳಿದಿದ್ದು ಸೊನ್ನೆ. ಲೆಕ್ಕದಲ್ಲಿ ಕಾಣದ ಆ 11 ಜಿಬಿ ಇದೇ. ಮಿಕ್ಕವರಿಗೆಲ್ಲ ಬಾಗಿಲು ಮುಚ್ಚಿದ ಮೇಲೂ ರಿಪೇರಿ ಮಾಡುವವನು ಒಳಗೆ ಬರಲಿ ಅಂತ ಇಟ್ಟ ಜಾಗ. ಇದನ್ನು 'ವೇಸ್ಟ್' ಅಂತ ಕಡಿಮೆ ಮಾಡುವವರು ಇದ್ದಾರೆ. ಡೇಟಾ ಮಾತ್ರ ಇರುವ ಡಿಸ್ಕ್ ಆದರೆ ಸರಿ, ಸಿಸ್ಟಮ್ ಇರುವ ಡಿಸ್ಕಿನಲ್ಲಿ ನಾನಂತೂ ಮುಟ್ಟುವುದಿಲ್ಲ.

ಫೈಲ್‌ಗಳ ಗಾತ್ರ ಎಣಿಸುವ ಡಿಯು ಓಡಿಸಿ ಫೋಲ್ಡರ್‌ಗಳನ್ನೆಲ್ಲ ಕೂಡಿಸಿದರೆ ಬಂದಿದ್ದು 148 ಜಿಬಿ ಮಾತ್ರ. ಡಿಎಫ್ 209 ಅಂತಿದೆ. ನಡುವಿನ 61 ಜಿಬಿ ಎಲ್ಲಿ? ಹುಡುಗನ ಕೆಲಸ ಇಲ್ಲೇ ಸಿಕ್ಕಿಬಿದ್ದಿದ್ದು. ಲಿನಕ್ಸ್‌ನಲ್ಲಿ ಡಿಲೀಟ್ ಮಾಡಿದರೆ ಹೋಗುವುದು ಫೈಲಿನ ಹೆಸರು ಅಷ್ಟೇ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದು ಹಿಡಿದುಕೊಂಡಿದ್ದರೆ, ಅದು ಬಿಡುವವರೆಗೂ ಜಾಗ ವಾಪಸ್ ಬರಲ್ಲ. "ಬಾಡಿಗೆ ಮನೆ ಮುಂದಿನ ನೇಮ್ ಬೋರ್ಡ್ ಕಿತ್ತು ಹಾಕಿದರೆ ಒಳಗಿರೋರು ಖಾಲಿ ಮಾಡ್ತಾರೇನಪ್ಪ?" ಅಂದೆ. ನಕ್ಕ.

ಡಿಲೀಟ್ ಆಗಿಯೂ ತೆರೆದೇ ಇರುವ ಫೈಲ್‌ಗಳನ್ನು ತೋರಿಸುವುದು ಎಲ್‌ಎಸ್‌ಒಎಫ್ ಕಮಾಂಡ್, 'ಪ್ಲಸ್ ಎಲ್ 1' ಸೇರಿಸಿ ಕೊಡಬೇಕು. ಸಿಕ್ಕಿದ್ದು ಟಾಮ್‌ಕ್ಯಾಟ್‌ನ ಲಾಗ್ ಫೈಲ್ ಕ್ಯಾಟಲೀನಾ ಡಾಟ್ ಔಟ್, ಮುಂದೆ 'ಡಿಲೀಟೆಡ್' ಅಂತ ಬರೆದಿತ್ತು. ಓಡುತ್ತಿರುವ ಪ್ರೋಗ್ರಾಂಗಳ ವಿವರ ಇರುವ ಪ್ರೋಕ್ ಫೋಲ್ಡರಿನಲ್ಲಿ, ಟಾಮ್‌ಕ್ಯಾಟ್ ತೆರೆದಿಟ್ಟ ಫೈಲ್‌ಗಳ ಪಟ್ಟಿಯಾದ ಎಫ್‌ಡಿ ಒಳಗೆ ಹೋದರೆ ಹೆಸರಿಲ್ಲದ ಆ ಫೈಲನ್ನು ಓದಲೂಬಹುದು. ಕೊನೆಯ ಸಾಲುಗಳನ್ನು ನೋಡಿದೆ. ಒಂದೊಂದು ಸೀರೆಯ ಸ್ಟಾಕ್ ಕೇಳಿದಾಗಲೂ ಡೇಟಾಬೇಸಿಗೆ ಹೋದ ಪೂರ್ತಿ ಎಸ್‌ಕ್ಯೂಎಲ್ ಪ್ರಶ್ನೆ, ಅದರ ಉತ್ತರ, ಮತ್ತೆ ಎಸ್‌ಕ್ಯೂಎಲ್. ಸಾಫ್ಟ್‌ವೇರ್ ಕಂಪನಿಯವರು ಹಿಂದೆ ಯಾವಾಗಲೋ ರಿಪೋರ್ಟ್ ಸರಿಮಾಡಲು ಡಿಬಗ್ (ಪ್ರತಿಯೊಂದನ್ನೂ ಲಾಗ್‌ಗೆ ಬರೆಯುವ ಸೆಟ್ಟಿಂಗ್) ಆನ್ ಮಾಡಿ ಹಾಗೇ ಬಿಟ್ಟು ಹೋಗಿದ್ದರು. ಫೋನ್ ಮಾಡಿದರೆ "ಡಿಸ್ಕ್ ದೊಡ್ಡದು ಹಾಕಿಸಿ" ಅಂದರು. ಏನು ಹೇಳಬೇಕು ಇವರಿಗೆ?

ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಿದರೆ ಜಾಗ ಬಂದುಬಿಡುತ್ತೆ. ಆದರೆ ಕೌಂಟರಿನಲ್ಲಿ ಅರ್ಧ ತುಂಬಿಸಿದ ಬಿಲ್‌ಗಳಿದ್ದವು, ತುಮಕೂರಿನ ವ್ಯಾಪಾರಿಯೊಬ್ಬರದ್ದು ಎರಡು ಪುಟ. ಅದಕ್ಕೇ ಪ್ರೋಕ್ ಒಳಗಿನ ದಾರಿಯಿಂದಲೇ ಆ ಫೈಲನ್ನು ಸೊನ್ನೆಗೆ ಇಳಿಸಿದೆ. ಟಾಮ್‌ಕ್ಯಾಟ್ ಆ ಫೈಲಿಗೆ ಅಪೆಂಡ್ ಮಾಡ್ತಾ, ಅಂದರೆ ಕೊನೆಯಲ್ಲೇ ಸೇರಿಸ್ತಾ ಹೋಗುವುದರಿಂದ ಹೀಗೆ ಮಾಡಿದರೆ ತೊಂದರೆ ಇಲ್ಲ. ಡಿಎಫ್ ತಕ್ಷಣ 148ಕ್ಕೆ ಬಂತು.

"ಇನ್ನೂ ಸುತ್ತುತ್ತಾನೇ ಇದೆ ಸಾರ್!" ಅಂತ ಕೆಳಗಿನಿಂದ ಕೂಗು.

"ಒಂದು ನಿಮಿಷ ಏನೂ ಒತ್ತಬೇಡಿ" ಅಂದೆ. ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆಯಾದ ಬಿನ್‌ಲಾಗ್ ಬರೆಯಲು ಜಾಗ ಸಿಗದಿದ್ದರೆ ಮೈಎಸ್‌ಕ್ಯೂಎಲ್ ಸಾಯುವುದಿಲ್ಲ, ಕಾಯುತ್ತೆ. ನಿಮಿಷಕ್ಕೊಂದು ಸಲ ಜಾಗ ಬಂತಾ ಅಂತ ನೋಡಿ, ಬಂದಿದ್ದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತೆ. ಹಾಗೇ ಆಯಿತು, ಸ್ವಲ್ಪ ಜಾಸ್ತಿಯೇ ಆಯಿತು. ಕೌಂಟರಿನ ಹುಡುಗ ಬೆಳಗ್ಗೆಯಿಂದ ಒತ್ತಿದ ಸೇವ್‌ಗಳೆಲ್ಲ ಸಾಲಾಗಿ ಒಳಗೆ ಹೋಗಿ, ಒಂದೇ ಗಿರಾಕಿಗೆ ಐದಾರು ಬಿಲ್ ಆಗಿಬಿಟ್ಟವು. ಜಿಎಸ್‌ಟಿ ಬಿಲ್ ನಂಬರ್ ಸಾಲಾಗಿ ಇರಬೇಕು, ಅಳಿಸೋ ಹಾಗಿಲ್ಲ. ಅಕೌಂಟೆಂಟ್ ಮೇಡಂ ನನ್ನ ಕಡೆ ಒಂದು ನೋಟ ಬೀರಿ, ಒಂದೊಂದನ್ನೇ ಕ್ಯಾನ್ಸಲ್ ಮಾಡಲು ಕೂತರು. ನಾನು ಡಿಬಗ್ ಆಫ್ ಮಾಡಿ, ಲಾಗ್ ಮಿತಿಮೀರಿ ಬೆಳೆಯದಂತೆ ನೋಡಿಕೊಳ್ಳುವ ಲಾಗ್‌ರೊಟೇಟ್ ಹಾಕಿ, ರಾತ್ರಿ ಶಟರ್ ಎಳೆದ ಮೇಲೆ ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಲು ಬಿಸಿಎ ಹುಡುಗನಿಗೆ ಬರೆದುಕೊಟ್ಟು ಬಂದೆ. ಪಾಸ್‌ವರ್ಡ್ ಬದಲಾಯಿಸಿದೆ. ಹೊಸ ಚೀಟಿ ಇಷ್ಟೊತ್ತಿಗೆ ಅಂಟಿಸಿರುತ್ತಾರೆ.