ದಿಂಬಿನ ಹತ್ತಿ

ಕಾರವಾರದ ಬೈತಖೋಲ ಬಂದರಿನಲ್ಲಿ ಇವತ್ತು ಬೆಳಿಗ್ಗೆ ನೀರಿನ ಮೇಲೆ ಕಾಮನಬಿಲ್ಲು. ದೋಣಿಯಿಂದ ಸೋರಿದ ಡೀಸೆಲ್. ನೋಡಲು ಚಂದ, ಮೂಗಿಗೆ ಹಿಂಸೆ.

ಇಂಥ ಎಣ್ಣೆಯನ್ನು ಯಾವುದು ಹೀರುತ್ತದೆ ನೋಡೋಣವೆಂದು, ಮನೆಗೆ ಬಂದವನೇ ಬಕೆಟ್ ನೀರಿಗೆ ಒಂದು ಚಮಚ ಹಳೆಯ ಎಂಜಿನ್ ಆಯಿಲ್ ಸುರಿದೆ. ಶಿರಸಿಯ ಅತ್ತೆ ಬಚ್ಚಲೊಲೆಗೆಂದು ಕಳಿಸಿದ್ದ ಒಣ ಅಡಿಕೆ ಸಿಪ್ಪೆಯನ್ನು ಬಿಡಿಸಿ ಹಾಕಿದೆ. ಎಣ್ಣೆ ಹೀರಿತು, ಸರಿ. ಜೊತೆಗೆ ನೀರನ್ನೂ ಕುಡಿದು ಭಾರವಾಯಿತು.

ಆಮೇಲೆ ಹಳೆಯ ದಿಂಬಿನಿಂದ ಒಂದು ಹಿಡಿ ಬೂರುಗದ ಹತ್ತಿ ಕಿತ್ತು ನೀರಿಗೆ ಬಿಟ್ಟೆ. ತೇಲುತ್ತಲೇ ಎಣ್ಣೆ ಎಳೆದುಕೊಂಡು ಕಪ್ಪಾಯಿತು. ಎಳೆಯ ಒಳಗೆ ಟೊಳ್ಳು, ಮೈಗೆ ಮೇಣ. ನೀರಿಗೆ ಬಾಗಿಲು ಮುಚ್ಚಿದೆ, ಎಣ್ಣೆಗೆ ತೆರೆದಿದೆ. ಪಕ್ಷಪಾತವೆಂದರೆ ಇದು!

ಸರಿ, ಎಣ್ಣೆ ಕುಡಿದ ಈ ಹತ್ತಿಯನ್ನು ಎಲ್ಲಿ ಎಸೆಯುವುದು? ಬಕೆಟ್ ಇನ್ನೂ ಹಿತ್ತಲಲ್ಲೇ ಇದೆ. ಹೆಂಡತಿ ದಿಂಬು ಹುಡುಕುತ್ತಿದ್ದಾಳೆ.