ಹಳಿ ಹಾಕಿ ಆಗಿದೆ, ಇಂಜಿನ್ ಬರಬೇಕು

ಜನವರಿ ಬಂತೆಂದರೆ ನನ್ನ ರಾತ್ರಿ ಊಟ ತಡವಾಗುತ್ತದೆ. ಎಂಟೂವರೆಗೆ ಅಂಗಡಿ ಷಟರ್ ಎಳೆದು, ಮನೆಗೆ ಬಂದು ಕೈಕಾಲು ತೊಳೆದವನೇ ಫೋನ್ ಹಿಡಿದು ಕೂರುತ್ತೇನೆ. ರೈಲು ಮಾಡೆಲ್ ಮಾಡುವ ಕಂಪನಿಗಳು ಈ ವರ್ಷ ಯಾವ ಹೊಸ ಇಂಜಿನ್ ತರುತ್ತೇವೆ ಎಂದು ಹೇಳುವ ಕಾಲ ಅದು. ಇಂಗ್ಲೆಂಡಿನ ಹಾರ್ನ್‌ಬಿ ಬಹಳ ವರ್ಷಗಳಿಂದ ಜನವರಿಯಲ್ಲೇ ತನ್ನ ಪಟ್ಟಿ ಬಿಡುತ್ತಾ ಬಂದಿದೆ. ಆಮೇಲೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಆಟಿಕೆ ಮೇಳ. 1859ರಲ್ಲಿ ಶುರುವಾದ ಮಾರ್ಕ್ಲಿನ್‌ನಂಥ ಹಳೆಯ ಕಂಪನಿಗಳೂ ಆ ಹೊತ್ತಿಗೆ ಹೊಸದನ್ನು ತೋರಿಸುತ್ತವೆ. ನಾನು ಒಂದೊಂದೇ ಪುಟ ನೋಡುತ್ತಾ ಹೋಗುತ್ತೇನೆ. ಸ್ವಿಟ್ಜರ್‌ಲ್ಯಾಂಡಿನ ಕೆಂಪು ಇಂಜಿನ್, ಬ್ರಿಟನ್ನಿನ ಉಗಿಬಂಡಿ, ಅಮೆರಿಕದ ದೊಡ್ಡ ಡೀಸೆಲ್. ಎಲ್ಲವೂ ಚೆಂದ. ಆದರೆ ನಾನು ಹುಡುಕುವ ಹೆಸರು ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ವೈಡಿಎಂ-4.

ರೈಲ್ವೆ ಭಾಷೆಯಲ್ಲಿ ವೈ ಅಂದರೆ ಮೀಟರ್ ಗೇಜ್, ಎರಡು ಹಳಿಗಳ ನಡುವೆ ಒಂದು ಮೀಟರ್ ಅಗಲದ ದಾರಿ. ಡಿ ಅಂದರೆ ಡೀಸೆಲ್. ಎಂ ಅಂದರೆ ಪ್ಯಾಸೆಂಜರ್ ಗಾಡಿಗೂ ಗೂಡ್ಸ್ ಗಾಡಿಗೂ ಆಗುವಂಥದ್ದು. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ. 1960ರ ದಶಕದ ಶುರುವಿನಲ್ಲಿ ನಮ್ಮ ದೇಶಕ್ಕೆ ಬಂತು, ಆಮೇಲೆ ವಾರಾಣಸಿಯ ಡೀಸೆಲ್ ಕಾರ್ಖಾನೆಯಲ್ಲೇ ತಯಾರಾಗತೊಡಗಿತು. ಒಂದು ಕಡೆ ಡ್ರೈವರ್ ಕ್ಯಾಬ್, ಇನ್ನೊಂದು ಕಡೆ ಉದ್ದನೆಯ ಮೂತಿ, ಕೆಳಗೆ ಆರು ಆಕ್ಸಲ್. ಉದ್ದ ಮೂತಿ ಮುಂದಾಗಿ ಬಂದರೆ ಡ್ರೈವರ್ ಕಿಟಕಿಯಿಂದ ಕತ್ತು ಹೊರಗೆ ಹಾಕಿ ದಾರಿ ನೋಡಬೇಕಿತ್ತು.

ನಮ್ಮ ಮನೆ ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟಿಗೆ ಕೂಗಳತೆ ದೂರದಲ್ಲಿತ್ತು. ಅಪ್ಪ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಶಿಫ್ಟ್ ಮುಗಿಸಿ ಬರುವಾಗ ಗೇಟ್ ಹಾಕಿದ್ದರೆ, ಸೈಕಲ್ ಇಳಿಯದೆ ಒಂದು ಕಾಲು ನೆಲಕ್ಕೆ ಊರಿ ನಿಲ್ಲುತ್ತಿದ್ದರು. ನಾನು ಓಡಿಹೋಗಿ ಕ್ಯಾರಿಯರ್ ಹತ್ತುತ್ತಿದ್ದೆ. ಅವರ ಅಂಗಿಯ ಮೇಲೆ ಹತ್ತಿಯ ನಾರು ಅಂಟಿರುತ್ತಿತ್ತು. ಇಂಜಿನ್ ಹತ್ತಿರ ಬಂದಾಗ ಮೊದಲು ಗೊತ್ತಾಗುತ್ತಿದ್ದದ್ದು ಕಿವಿಗಲ್ಲ, ಸೈಕಲ್ಲಿನ ಸೀಟಿಗೆ. ಅದು ಸಣ್ಣಗೆ ನಡುಗುತ್ತಿತ್ತು. ಆಮೇಲೆ ಡುಗುಡುಗು ಶಬ್ದ, ಆಮೇಲೆ ಕಪ್ಪು ಹೊಗೆ.

ಭಾನುವಾರ ಅಪ್ಪ ಸ್ಟೇಷನ್ನಿಗೇ ಕರೆದುಕೊಂಡು ಹೋಗುತ್ತಿದ್ದರು. ಆಗ ಸಿಂಗಲ್ ಲೈನ್. ಮುಂದಿನ ಸ್ಟೇಷನ್ನಿಗೆ ಹೋಗಬೇಕಾದರೆ ಡ್ರೈವರ್ ಕೈಯಲ್ಲಿ ಟೋಕನ್ ಇರಬೇಕು. ಬೆತ್ತದ ದೊಡ್ಡ ಬಳೆ, ಅದಕ್ಕೊಂದು ಚರ್ಮದ ಚೀಲ, ಚೀಲದೊಳಗೆ ಕಬ್ಬಿಣದ ಚೆಂಡು. ನಿಲ್ಲದ ಗಾಡಿಯಾದರೆ ಓಡುವ ಇಂಜಿನ್ನಿನಿಂದಲೇ ಒಂದು ಬಳೆ ಕೆಳಗೆ ಬೀಳುತ್ತಿತ್ತು, ಇನ್ನೊಂದು ತೋಳಿಗೆ ಸಿಕ್ಕಿಕೊಂಡು ಮೇಲೆ ಹೋಗುತ್ತಿತ್ತು. ಅದನ್ನು ನೋಡುವುದಕ್ಕೆ ನಾನು ಬಾಯಲ್ಲಿದ್ದ ಮಂಡಕ್ಕಿ ಅಗಿಯುವುದನ್ನೂ ಮರೆಯುತ್ತಿದ್ದೆ.

ತೊಂಬತ್ತರ ದಶಕದಲ್ಲಿ ನಮ್ಮ ಲೈನಿಗೆ ಬ್ರಾಡ್ ಗೇಜ್ ಬಂತು. ಹಳಿಗಳ ನಡುವೆ 1000 ಮಿಲಿಮೀಟರ್ ಇದ್ದದ್ದು 1676 ಆಯಿತು. ಊರಿಗೆ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಇಂಜಿನ್ ಮತ್ತೆ ನಮ್ಮ ಗೇಟಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ. ಒಂದು ಫೋಟೋ ಕೂಡ ಇಲ್ಲ.

ಅಪ್ಪನಿಗೆ ಈಗ 79. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಹೋದ ವರ್ಷ ಒಂದು ಸಂಜೆ ಆರು ಸಿಲಿಂಡರಿನ ಆಲ್ಕೊ ಇಂಜಿನ್ ನಿಂತಲ್ಲೇ ಓಡುವ ರೆಕಾರ್ಡಿಂಗ್ ಸಿಕ್ಕಿತು. ಸುಮ್ನೆ ಅವರ ಪಕ್ಕ ಕೂತು ಫೋನಿನಲ್ಲಿ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, "ಮೀರಜ್ ಗಾಡಿ ಏನಪ್ಪಾ?" ಅಂದರು. ಆ ಕಾಲದಲ್ಲಿ ನಮ್ಮ ಗೇಟು ದಾಟುತ್ತಿದ್ದ ಗಾಡಿ ಅದು. ಅವತ್ತಿನಿಂದ ಈ ಆಸೆ ನನಗೆ ಬರೀ ಹವ್ಯಾಸದ ವಿಷಯವಾಗಿ ಉಳಿದಿಲ್ಲ.

ಈ ಹುಚ್ಚು ಶುರುವಾದದ್ದು ಪುಣೆಯಲ್ಲಿ. ಅಲ್ಲಿ ಜೋಶಿ ಅವರ ಚಿಕ್ಕ ರೈಲುಗಳ ಮ್ಯೂಸಿಯಂ ಇದೆ, 1998ರಿಂದ. ನೆಂಟರ ಮದುವೆಗೆ ಹೋದವನು ಅದನ್ನು ನೋಡಿ ಬಂದೆ. ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ನಮ್ಮೂರಿನ ಪಿ.ಬಿ. ರೋಡ್ ಅಂದರೆ ಪುಣೆ-ಬೆಂಗಳೂರು ರೋಡ್ ತಾನೆ. ಅದರ ಆ ತುದಿಯ ಊರಿನಲ್ಲಿ ಇಷ್ಟೆಲ್ಲ ಆಗುವುದಾದರೆ ನಡುವಿನ ದಾವಣಗೆರೆಯಲ್ಲಿ ಒಂದು ಟೇಬಲ್ ಅಗಲವಾದರೂ ಆಗಬೇಡವೇ?

ಈಗ ನಾವು ನಾಲ್ಕು ಜನ. ನಾನು, ಚಿತ್ರದುರ್ಗದ ಒಬ್ಬ ಮೇಷ್ಟ್ರು, ಹರಿಹರದ ಟರ್ನರ್ ಕಾಕಾ, ಇಲ್ಲೇ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ. ತಿಂಗಳಿಗೊಂದು ಭಾನುವಾರ ನಮ್ಮ ಮನೆಯ ಮಹಡಿಯಲ್ಲಿ ಸೇರುತ್ತೇವೆ. ಬೆಳಿಗ್ಗೆ ಬೆಣ್ಣೆ ದೋಸೆ, ಆಮೇಲೆ ಹಳಿ ಒರೆಸುವ ಕೆಲಸ, ಆಮೇಲೆ ಯಾವ ಇಂಜಿನ್ ಮೊದಲು ಬರಬೇಕು ಎಂಬ ವಾದ.

ಹುಡುಗನಿಗೆ ಡಬ್ಲ್ಯುಎಪಿ-7 ಬೇಕು. 6350 ಅಶ್ವಶಕ್ತಿಯ ಕರೆಂಟ್ ಇಂಜಿನ್. ಅವನು ದಿನಾ ನೋಡುವುದು ಅದನ್ನೇ, ಆಸೆ ಪಡುವುದು ಸಹಜ. ನನ್ನ ಮಗಳಿಗೆ ವಂದೇ ಭಾರತ್. 2023ರ ಜೂನ್‌ನಲ್ಲಿ ಬೆಂಗಳೂರು-ಧಾರವಾಡ ವಂದೇ ಭಾರತ್ ಶುರುವಾಗಿ ದಾವಣಗೆರೆಯಲ್ಲೂ ನಿಂತಾಗ ನಾವೆಲ್ಲ ನೋಡಲು ಹೋಗಿದ್ದೆವು. ಅದಕ್ಕೆ ಬೇರೆ ಇಂಜಿನ್ನೇ ಇಲ್ಲ, ಮೋಟರ್‌ಗಳು ಡಬ್ಬಿಗಳ ಕೆಳಗೇ ಇವೆ ಎಂದು ಹೇಳಿದರೆ, "ಹಾಗಾದ್ರೆ ಇಡೀ ಗಾಡಿನೇ ಕೊಡಿಸು" ಅಂದಳು.

ಮೇಷ್ಟ್ರ ಆಸೆ ಡಬ್ಲ್ಯುಡಿಜಿ-4. ಹುಬ್ಬಳ್ಳಿ ಶೆಡ್ಡಿನ ಡೀಸೆಲ್. ಅವರು ಚಿಕ್ಕಜಾಜೂರು ಜಂಕ್ಷನ್ ಕಟ್ಟುತ್ತಿದ್ದಾರೆ. ನಮ್ಮ ಮುಖ್ಯ ಲೈನಿನಿಂದ ಚಿತ್ರದುರ್ಗದ ಕಡೆಗೆ ದಾರಿ ಒಡೆಯುವ ಜಾಗ ಅದು. ಬಂಡೆ ಮಾಡಲು ಪ್ಲಾಸ್ಟರ್ ಬಳಸುವುದಿಲ್ಲ, ದುರ್ಗದ ಕಲ್ಲಿನ ಚೂರನ್ನೇ ಆರಿಸಿ ತರುತ್ತಾರೆ. 87 ಪಟ್ಟು ಚಿಕ್ಕದು ಮಾಡಿದರೆ ಹೆಬ್ಬೆರಳು ಗಾತ್ರದ ಕಲ್ಲು ಒಂದು ಲಾರಿಯಷ್ಟು ಬಂಡೆಯಂತೆ ಕಾಣಬೇಕು. ಅದಕ್ಕೆ ಒಡೆದ ಮುಖ ಸರಿಯಾಗಿರಬೇಕು. ನೂರರಲ್ಲಿ ನಾಲ್ಕೈದು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಹಾಕುತ್ತಾರೆ. ಅವರ ಮಾತಿನಲ್ಲೂ ನ್ಯಾಯವಿದೆ. ಲೈನಿಗೆ ಕರೆಂಟ್ ತಂತಿ ಬಂದ ಮೇಲೆ ಡೀಸೆಲ್ ಸದ್ದು ಕಡಿಮೆಯಾಗುತ್ತಿದೆ. "ನಿಮ್ಮ ವೈಡಿಎಂ ಹೋಗಿ ಆಯ್ತು. ನನ್ನದು ಕಣ್ಣೆದುರಿಗೇ ಹೋಗ್ತಾ ಇದೆ" ಅನ್ನುತ್ತಾರೆ.

ಇಲ್ಲಿ ಅಳತೆಯ ವಿಷಯ ಹೇಳಲೇಬೇಕು. ನಾವು ಬಳಸುವುದು ಎಚ್‌ಒ, ಅಂದರೆ 87ರಲ್ಲಿ ಒಂದು ಭಾಗ. ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಯುರೋಪ್, ಅಮೆರಿಕದ 1435 ಮಿಲಿಮೀಟರ್ ಹಳಿಗೆ ಅದು ಸರಿಯಾದ ಲೆಕ್ಕ. ನಮ್ಮ ಬ್ರಾಡ್ ಗೇಜನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಆ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಇಂಡಿಯನ್ ಇಂಜಿನ್‌ಗಳನ್ನೂ 16.5ರ ಮೇಲೆ ಓಡಿಸುತ್ತೇವೆ. ಮುಂದಿನಿಂದ ನೋಡಿದರೆ ದೊಡ್ಡ ಮೈಗೆ ಕಾಲು ಹತ್ತಿರವಾದಂತೆ ಕಾಣುತ್ತದೆ. ನನಗೆ ಅದು ಯಾವಾಗಲೂ ಚುಚ್ಚುತ್ತದೆ.

ಮೀಟರ್ ಗೇಜಿಗೆ ಈ ತೊಂದರೆ ಇಲ್ಲವೇ ಇಲ್ಲ! 1000 ಭಾಗಿಸು 87, 11.5. ಮೀಟರ್ ಗೇಜ್ ಮಾಡೆಲ್‌ಗೆಂದೇ 12 ಮಿಲಿಮೀಟರ್ ಹಳಿ ಇದೆ, ಎಚ್‌ಒಎಂ ಅನ್ನುತ್ತಾರೆ. ಅರ್ಧ ಮಿಲಿಮೀಟರ್ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಹಲವು ಬೆಟ್ಟದ ರೈಲುಗಳೂ ಮೀಟರ್ ಗೇಜ್. ಅವುಗಳಿಗಾಗಿ ಬೇಮೋ ಎಂಬ ಜರ್ಮನ್ ಕಂಪನಿ ಬಹಳ ಕಾಲದಿಂದ ಇದೇ ಅಳತೆಯಲ್ಲಿ ಮಾಡೆಲ್ ಮಾಡುತ್ತಿದೆ. ಅಂದರೆ ಹಳಿ ಇದೆ, ಹಳಿ ಕವಲೊಡೆಯುವ ಕಡೆ ಹಾಕುವ ಪಾಯಿಂಟ್ಸ್ ಇವೆ, ಚಕ್ರ ಇವೆ. ಅದರ ಮೇಲೆ 2022ರಲ್ಲಿ ಹಾರ್ನ್‌ಬಿ ತನ್ನ ಟಿಟಿ ಅಳತೆಯ ಸಾಲು ಶುರು ಮಾಡಿತು. ಅದು 120ರಲ್ಲಿ ಒಂದು ಭಾಗ, ಆದರೆ ಹಳಿ ಅದೇ 12 ಮಿಲಿಮೀಟರ್. ಆ ಹಳಿಗೆ ತಕ್ಕ ಮೋಟರ್, ಗೇರು ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಹತ್ತು ವರ್ಷದ ಹಿಂದೆ ನಾನು ಹೀಗೆ ಆಸೆ ಇಟ್ಟುಕೊಂಡಿದ್ದರೆ ಅದಕ್ಕೆ ಆಧಾರ ಕಡಿಮೆಯಿತ್ತು. ಈಗ ಹಾಗಲ್ಲ.

ಕಂಪನಿಯವರ ಕಷ್ಟವೂ ನನಗೆ ಗೊತ್ತು. ಪ್ಲಾಸ್ಟಿಕ್ ಬಾಡಿ ಎರಕ ಹೊಯ್ಯಲು ಉಕ್ಕಿನ ಡೈ ಮಾಡಿಸಬೇಕು. ದೊಡ್ಡ ಖರ್ಚು ಅಲ್ಲೇ. ಡೈ ಆದ ಮೇಲೆ ಸಾವಿರಗಟ್ಟಲೆ ಮಾರಿದರೆ ಮಾತ್ರ ಹಾಕಿದ ದುಡ್ಡು ಹುಟ್ಟುತ್ತದೆ. ಮೀಟರ್ ಗೇಜ್ ಇಂಡಿಯನ್ ಇಂಜಿನ್ನನ್ನು ಅಷ್ಟು ಜನ ಎಲ್ಲಿ ಕೊಳ್ಳುತ್ತಾರೆ ಎಂದು ಅವರು ಕೇಳಬಹುದು. ನನ್ನ ಹತ್ತಿರ ಉತ್ತರ ಇದೆ. ಈ ಇಂಜಿನ್ ನಮ್ಮ ದೇಶದಲ್ಲಷ್ಟೇ ಓಡಿದ್ದಲ್ಲ. ವಿಯೆಟ್ನಾಂಗೆ ಹೋಗಿ ಡಿ13ಇ ಎಂಬ ಹೆಸರು ಪಡೆಯಿತು. ಮಲೇಷ್ಯಾದವರು ನಮ್ಮಿಂದ ಬಾಡಿಗೆಗೆ ತೆಗೆದುಕೊಂಡು ಓಡಿಸಿದರು. ಒಂದೇ ಡೈ, ಬೇರೆ ಬೇರೆ ಬಣ್ಣ, ಬೇರೆ ಬೇರೆ ನಂಬರ್. ನಮ್ಮಲ್ಲೇ ಗುಜರಾತ್, ರಾಜಸ್ಥಾನ, ತಮಿಳುನಾಡು, ಅಸ್ಸಾಂ ಎಲ್ಲ ಕಡೆ ಮೀಟರ್ ಗೇಜ್ ಪಕ್ಕ ಬೆಳೆದವರಿದ್ದಾರೆ. ಅವರಿಗೆ ಈಗ ನನ್ನ ವಯಸ್ಸು. ಕೈಯಲ್ಲಿ ಸ್ವಲ್ಪ ಕಾಸು ಇರುವ ವಯಸ್ಸು. ಇದನ್ನೆಲ್ಲ ಬರೆದು ಎರಡು ಕಂಪನಿಗಳಿಗೆ ಕಳಿಸಿದ್ದೇನೆ. ಹುಡುಗ ಇಂಗ್ಲಿಷ್ ತಿದ್ದಿಕೊಟ್ಟ.

ಬಂದರೆ ಹೇಗಿರಬೇಕು? ನನ್ನ ಕಸುಬು ಮೋಟರ್ ರಿವೈಂಡಿಂಗ್. ಬೋರ್‌ವೆಲ್ ಮೋಟರ್, ಮಿಕ್ಸಿ, ಫ್ಯಾನ್, ದಿನಾ ತಾಮ್ರದ ತಂತಿಯ ಜೊತೆಗೇ ಬದುಕು. ಹಾಗಾಗಿ ಬಣ್ಣಕ್ಕಿಂತ ಮೊದಲು ನಾನು ಹೊಟ್ಟೆಯೊಳಗೆ ನೋಡುತ್ತೇನೆ. ಮೋಟರಿನೊಳಗೆ ತಿರುಗುವ ಭಾಗಕ್ಕೆ ಆರ್ಮೇಚರ್ ಅನ್ನುತ್ತೇವೆ. ಅದು ಮೂರು ಪೋಲಿನದಾದರೆ ನಿಧಾನಕ್ಕೆ ಓಡಿಸುವಾಗ ಇಂಜಿನ್ ಜಗ್ಗಿ ಜಗ್ಗಿ ಹೋಗುತ್ತದೆ. ಐದು ಪೋಲ್ ಬೇಕು, ಸ್ಲಾಟ್ ಓರೆಯಾಗಿರಬೇಕು, ಓಟ ಸಮವಾಗಿರಲು ಎರಡು ತುದಿಗೂ ಭಾರದ ಹಿತ್ತಾಳೆ ಚಕ್ರ, ಅಂದರೆ ಫ್ಲೈವೀಲ್ ಬೇಕು. ಕರೆಂಟನ್ನು ಹನ್ನೆರಡು ಚಕ್ರಗಳೂ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಪಾಯಿಂಟ್ಸ್ ಮೇಲೆ ನಿಂತುಬಿಡುತ್ತದೆ. ಸ್ಟೇಷನ್ನಿಗೆ ಗಾಡಿ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. ನಮ್ಮ ಅಳತೆಯಲ್ಲಿ ಅದು ಸೆಕೆಂಡಿಗೆ ಸುಮಾರು ಮೂರು ಸೆಂಟಿಮೀಟರ್. ಆ ವೇಗದಲ್ಲಿ ನಡುಗದೆ ಬಂದು, ನಿಂತು, ಡುಗುಡುಗು ಅನ್ನುತ್ತಿರಬೇಕು. ಸ್ಪೀಕರನ್ನು ಡೀಸೆಲ್ ಟ್ಯಾಂಕಿನ ಜಾಗದಲ್ಲಿ ಕೂರಿಸಬಹುದು. ಸದ್ದು ನಿಜವಾದ ಆರು ಸಿಲಿಂಡರ್ ಆಲ್ಕೊದ್ದೇ ಆಗಿರಬೇಕು. ಹದಿನಾರು ಸಿಲಿಂಡರಿನದ್ದನ್ನು ತುಂಬಿದರೆ ಅಪ್ಪನಿಗೆ ತಕ್ಷಣ ಗೊತ್ತಾಗುತ್ತದೆ.

ಇರುವುದನ್ನೇ ಕತ್ತರಿಸಿ ಅಂಟಿಸಿ ಮಾಡಿಕೊಳ್ಳಬಹುದಲ್ವಾ ಎಂದು ಕೇಳುವವರಿದ್ದಾರೆ. ಮಾಡಿ ನೋಡಿದ್ದೇನೆ. ಎರಡು ವರ್ಷದ ಹಿಂದೆ ಹೊರದೇಶದ ಒಂದು ಅಂಗಡಿಯಿಂದ ಆಲ್ಕೊ ನಮೂನೆಯ ಹಳೆಯ ಎಚ್‌ಒ ಮಾಡೆಲ್ ತರಿಸಿದೆ, ಅದರ ಚಾಸಿ ಇಟ್ಟುಕೊಂಡು ಬ್ರಾಡ್ ಗೇಜಿನ ಹಳೆಯ ಡೀಸೆಲ್ ಇಂಜಿನ್ ಡಬ್ಲ್ಯುಡಿಎಂ-2 ಮಾಡೋಣ ಎಂದು. ಚೆನ್ನಾಗಿ ಓಡುತ್ತದೆ ಎಂದು ಬರೆದುಕೊಟ್ಟಿದ್ದರು. ಸುಂಕ ಕಟ್ಟಿ ಬಿಡಿಸಿಕೊಂಡು ಹಳಿಯ ಮೇಲಿಟ್ಟರೆ ಚಕ್ರ ಸುತ್ತಿದಾಗೊಮ್ಮೆ ಟಕ್, ಟಕ್. ಆಕ್ಸಲ್ ಮೇಲೆ ಒತ್ತಿ ಕೂರಿಸಿದ ಪ್ಲಾಸ್ಟಿಕ್ ಗೇರು ವರ್ಷಗಳು ಕಳೆದಂತೆ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನ ಜಾಗದಲ್ಲಿ ಹಲ್ಲುಗಳ ಅಂತರ ಹೆಚ್ಚಾಗಿ ಎಡವುತ್ತದೆ. ಆರರಲ್ಲಿ ನಾಲ್ಕು ಹಾಗಾಗಿದ್ದವು. ಪತ್ರ ಬರೆದೆ, ಉತ್ತರ ಬರಲಿಲ್ಲ. ತುಂಬಾ ಬೇಜಾರಾಯಿತು. ಆ ದುಡ್ಡು ಒಂದು ಬೇಸಿಗೆಯ ಓವರ್‌ಟೈಮ್ ದುಡ್ಡು.

ಆಗ ಕೈ ಹಿಡಿದದ್ದು ಟರ್ನರ್ ಕಾಕಾ. ಹರಿಹರದಲ್ಲಿ ಲೇತ್ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಇದ್ದವರು. ಈಗ ಮನೆಯ ಹಿಂದೆ ಸಣ್ಣ ಲೇತ್ ಇಟ್ಟುಕೊಂಡಿದ್ದಾರೆ. ಹೊಸ ಗೇರಿಗೆ ಸರಿಯಾಗಿ ಕೂರುವಂತೆ ಆಕ್ಸಲ್‌ಗಳನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಿಕೊಟ್ಟರು. "ಬಿಗಿ ಜಾಸ್ತಿ ಆದ್ರೆ ಮತ್ತೆ ಸೀಳ್ತದ ತಮ್ಮಾ" ಅಂದರು. ಈಗ ಅದು ಸದ್ದಿಲ್ಲದೆ ಓಡುತ್ತದೆ.

ನಮ್ಮ ದೇಶದಲ್ಲೇ ಎಚ್‌ಒ ಅಳತೆಯ ಡಬ್ಬಿ, ವ್ಯಾಗನ್ ಮಾಡುವವರು ಈಗ ಇದ್ದಾರೆ. ಬಾಡಿಯನ್ನು 3ಡಿ ಪ್ರಿಂಟ್ ಮಾಡುವವರೂ ಇದ್ದಾರೆ. ಅವರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ಮುಂಗಡ ಕಟ್ಟಲು ನಾನು ತಯಾರಿದ್ದೇನೆ. ಎರಡು ಇಂಜಿನ್ನಿಗೆ, ಒಂದಕ್ಕಲ್ಲ. ಒಂದು ಓಡಿಸಲು, ಒಂದು ಅಪ್ಪನ ಮಂಚದ ಪಕ್ಕದ ಗೂಡಿನಲ್ಲಿ ಇಡಲು.

ಅಷ್ಟರೊಳಗೆ ನನ್ನ ಕಡೆಯ ಕೆಲಸ ಮುಗಿಸಿದ್ದೇನೆ. ಮಹಡಿಯ ಟೇಬಲ್ ಮೇಲೆ ಬ್ರಾಡ್ ಗೇಜಿನಿಂದ ಒಂದು ಗೇಣು ಆಚೆಗೆ 12 ಮಿಲಿಮೀಟರ್ ಹಳಿ ಹಾಕಿ ಆಗಿದೆ, ಎರಡೂವರೆ ಮೀಟರ್. ಗೇಟ್ ಇದೆ. ಗೇಟಿನ ಈಚೆ ಸೈಕಲ್ ಮೇಲೆ ಒಂದು ಕಾಲು ಊರಿ ನಿಂತ ಒಬ್ಬ ಮನುಷ್ಯ, ಕ್ಯಾರಿಯರ್ ಮೇಲೆ ಒಬ್ಬ ಹುಡುಗ. ಅಂಗಿಯ ಮೇಲಿನ ಹತ್ತಿಗೆ ಬಿಳಿ ಬಣ್ಣವನ್ನು ಒಣ ಬ್ರಷ್‌ನಲ್ಲಿ ತಾಗಿಸಿದ್ದೇನೆ.

ನಿನ್ನೆ ರಾತ್ರಿ ಹರಿಹರದಿಂದ ಫೋನ್ ಬಂತು. ಕಾಕಾ ಕಾಯುವವರಲ್ಲ. ಯಾರೂ ಮಾಡದಿದ್ದರೆ ಕೆಳಗಿನ ಭಾಗ ನಾವೇ ಮಾಡೋಣ ಎಂದು 11 ಮಿಲಿಮೀಟರಿನ ಚಕ್ರ ತಿರುಗಿಸಲು ಶುರು ಮಾಡಿದ್ದಾರೆ. ಎರಡು ಜೋಡಿ ಆಗಿದೆಯಂತೆ. ಭಾನುವಾರ ಹಳಿಯ ಒಂದು ತುಂಡು ತಗೊಂಡು ಬಾ, ಕೂರಿಸಿ ನೋಡೋಣ ಅಂದರು.